ಉರಿಯುವ ಮನೆಯಿಂದ ತಂದ ಮಳೆ ಗ್ಲಾಸು

ಮನುಷ್ಯ ತನ್ನ ಬಗ್ಗೆ ತಾನೇ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡು ಸುಖವಾಗಿ ಬದುಕಬೇಕೆಂದರೆ ಅವನ ಮನೆಗೆ ಒಮ್ಮೆಯೂ ಬೆಂಕಿ ಬೀಳಬಾರದು. ಅರವತ್ತರ ಹತ್ತಿರ ಬರುವವರೆಗೂ ನಾನು ಹಾಗೆಯೇ ಬದುಕಿದ್ದೆ. ಆಪತ್ತು ಬಂದರೆ ನಾನು ಧೀರನಾಗಿ, ಸಮಯಪ್ರಜ್ಞೆಯಿಂದ, ತಕ್ಕಮಟ್ಟಿಗೆ ತ್ಯಾಗಬುದ್ಧಿಯಿಂದಲೂ ನಡೆದುಕೊಳ್ಳುತ್ತೇನೆಂಬ ಗಟ್ಟಿ ನಂಬಿಕೆ ನನಗಿತ್ತು. ಆಪತ್ತು ಬಾರದೇ ಇದ್ದುದರಿಂದ ನಂಬಿಕೆಗೆ ಯಾವ ತೊಂದರೆಯೂ ಆಗಿರಲಿಲ್ಲ. ಕಳೆದ ಮಾರ್ಚಿನಲ್ಲಿ ನಮ್ಮ ಅಡುಗೆಮನೆಗೆ ಬೆಂಕಿ ಬಿತ್ತು. ಸುಟ್ಟ ಮಾಡಿಗೆ ಹೊಸ ಹೆಂಚು ಹೊದಿಸಿ ಆಯಿತು. ಮಸಿ ಹಿಡಿದ ಗೋಡೆಗೆ ಬಣ್ಣ ಹೊಡೆಸುವುದೊಂದು ಬಾಕಿಯಿದೆ, ಅದನ್ನೂ ಇವತ್ತಲ್ಲ ನಾಳೆ ಹೊಡೆಸಬಹುದು. ನನ್ನ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ರಿಪೇರಿ ಮಾಡುವವರು ಮಾತ್ರ ಆಲ್ದೂರಿನಲ್ಲೂ ಸಿಗಲಿಲ್ಲ, ಚಿಕ್ಕಮಗಳೂರಿನಲ್ಲೂ ಸಿಗಲಿಲ್ಲ.

ಉರಿಯುವ ಮನೆಯಲ್ಲಿ ಗಳ ಹಿರಿದದ್ದೇ ಲಾಭ ಎಂಬ ಗಾದೆಯನ್ನು ನೀವೂ ಕೇಳಿರುತ್ತೀರಿ. ಅದನ್ನು ಕಟ್ಟಿದ ಪುಣ್ಯಾತ್ಮ ಪಕ್ಕದ ಮನೆ ಉರಿಯುವುದನ್ನು ದೂರದಿಂದ ನೋಡಿದ್ದನೇ ಹೊರತು ತನ್ನ ಮನೆ ಉರಿಯುವಾಗ ಒಳಗಿದ್ದವನಲ್ಲ. ಒಳಗಿದ್ದವನಿಗೆ ಗಳ ಕಾಣುವುದಿಲ್ಲ. ಅವನಿಗೆ ಏನು ಕಂಡಿತ್ತೆಂಬುದು ಅಂಗಳಕ್ಕೆ ಬಂದು ತನ್ನ ಕೈಯನ್ನು ತಾನೇ ನೋಡಿಕೊಂಡ ಮೇಲೆ ಗೊತ್ತಾಗುವುದು. ಕಳಸದ ಹತ್ತಿರ ನನ್ನ ಷಡ್ಡಕನೊಬ್ಬನಿದ್ದಾನೆ, ಬಹಳ ಲೆಕ್ಕಾಚಾರದ ಮನುಷ್ಯ. ಅವರ ಮನೆಗೆ ವೈರಿಂಗಿನಿಂದ ಬೆಂಕಿ ಹತ್ತಿದಾಗ ಅವನು ಗಾಬರಿಯಾಗದೆ ಒಳಗೆ ಹೋಗಿ, ಕಬ್ಬಿಣದ ಬೀರುವಿನ ಬೀಗದ ಕೈಯನ್ನು ಹುಡುಕಿ, ಜೇಬಿಗೆ ಹಾಕಿಕೊಂಡು ನಿಧಾನವಾಗಿ ಹೊರಗೆ ಬಂದ. ಬೀರು ಒಳಗೇ ಇತ್ತು. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಹೆಂಡತಿ ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಉರಿಯುತ್ತಿರುವ ಮನೆಗೆ ಬೀಗ ಜಡಿದು, ಬೀಗ ಬಿತ್ತೋ ಇಲ್ಲವೋ ಎಂದು ಎಳೆದು ನೋಡಿ ಆಮೇಲೆ ಓಡಿದರಂತೆ. ಕಾಲ ಕೆಟ್ಟಿದೆ, ಕಳ್ಳರು ನುಗ್ಗಿದರೆ ಏನು ಗತಿ ಎಂಬುದು ಅವರ ಸಮಜಾಯಿಷಿ. ಬೆಂಕಿ ಆರಿಸಲು ಬಂದವರು ಮೊದಲು ಬೀಗ ಒಡೆಯಬೇಕಾಯಿತು. ಈ ಕಥೆಗಳನ್ನು ಹೇಳಿ ನಾನು ಎಷ್ಟೋ ಮದುವೆಮನೆಗಳಲ್ಲಿ ಜನರನ್ನು ನಗಿಸಿದ್ದೇನೆ. ಈಗ ಬಿಟ್ಟಿದ್ದೇನೆ. ಈಚೆಗೆ ಅದೇ ಸಾಲಿನಲ್ಲಿ ನನ್ನದನ್ನೂ ಸೇರಿಸಿ ಬೇರೆಯವರು ಹೇಳುತ್ತಿದ್ದಾರೆಂದು ಕೇಳಿದೆ.

ನಮ್ಮದು ಆಲ್ದೂರಿನ ಹತ್ತಿರ ಹನ್ನೆರಡು ಎಕರೆ ಕಾಫಿ ತೋಟ. ದೊಡ್ಡ ಎಸ್ಟೇಟಿನವರು ನಮ್ಮನ್ನು ಪ್ಲಾಂಟರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲಸಕ್ಕೆ ಬರುವವರು ಬಡವರೆಂದು ನಂಬುವುದಿಲ್ಲ. ಮನೆಯಲ್ಲಿ ಮೂರೇ ಜನ: ನಾನು, ಹೆಂಡತಿ ಪ್ರಮೀಳಾ, ಮತ್ತು ನನ್ನ ಚಿಕ್ಕಮ್ಮ. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ಹೊರನಾಡಿಗೆ ಹೋಗಿಬರುವ ದಾರಿಯಲ್ಲಿ ಎರಡು ದಿನ ಇರುತ್ತೇನೆಂದು ಬಂದವರು ಆರು ವರ್ಷದಿಂದ ಇದ್ದಾರೆ. ಕಾಫಿಯನ್ನೇ ನಂಬಿಕೊಂಡರೆ ಆಗುವುದಿಲ್ಲವೆಂದು ಪ್ರಮೀಳಾ ಅಂಗಳದ ಆಚೆ ಎರಡು ರೂಮು ಕಟ್ಟಿಸಿ ಹೋಂಸ್ಟೇ ನಡೆಸುತ್ತಾಳೆ. ಅಡುಗೆ, ಹಾಸಿಗೆ, ಬುಕಿಂಗು, ಜಗಳ ಎಲ್ಲ ಅವಳದೇ. ಸಂಜೆ ಹೊತ್ತು ಹ್ಯಾಟು ಹಾಕಿಕೊಂಡು, ಹಲ್ಲು ಹಾಕಿಕೊಂಡು, ಗೆಸ್ಟುಗಳ ಎದುರು ಎಸ್ಟೇಟಿನ ಯಜಮಾನನಂತೆ ಕೂರುವುದು ನನ್ನ ಡ್ಯೂಟಿ.

ಹಲ್ಲು ಹಾಕಿಕೊಂಡು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲು ಕಟ್ಟಿಸಿದವು. ಆನೆ ಅಟ್ಟಿಸಿಕೊಂಡು ಬಂದಾಗ ಬಿದ್ದು ಮುರಿದವೆಂದು ಗೆಸ್ಟುಗಳಿಗೆ ಹೇಳುತ್ತೇನೆ. ನಿಜವಾಗಿ ಒಂದನ್ನು ಮುರಿದದ್ದು ಪ್ರಮೀಳಾ ಗೌರಿಹಬ್ಬಕ್ಕೆ ಮಾಡಿದ ಚಕ್ಕುಲಿ. ಉಳಿದ ಮೂರನ್ನು ಡಾಕ್ಟರು ಹೇಗೂ ಅಲ್ಲಾಡುತ್ತಿವೆಯೆಂದು ಕಿತ್ತರು. ಸೆಟ್ಟು ಒಸಡಿಗೆ ಒತ್ತುತ್ತದೆ. ಹಾಗಾಗಿ ಗೆಸ್ಟುಗಳಿದ್ದಾಗ ಮತ್ತು ಮನೆಯಲ್ಲಿ ಕೋಳಿ ಬೇಯಿಸಿದಾಗ ಮಾತ್ರ ಅದು ನನ್ನ ಬಾಯಲ್ಲಿರುತ್ತದೆ. ಮಿಕ್ಕ ಹೊತ್ತು ಬಚ್ಚಲ ಕಿಟಕಿಯ ಮೇಲೆ ಒಂದು ಪಿಂಗಾಣಿ ಬಟ್ಟಲಿನಲ್ಲಿ ನೆನೆಯುತ್ತಿರುತ್ತದೆ. ಅದಿಲ್ಲದೆ ನಾನು ಗೆಸ್ಟುಗಳ ಎದುರು ಬಾಯಿ ತೆರೆಯುವುದಿಲ್ಲ. ಇಷ್ಟು ವಯಸ್ಸಾದರೂ ಅಷ್ಟು ಜಂಬ ಉಳಿದುಕೊಂಡಿದೆ.

ಒಂದು ಸಂಜೆ ಗೆಸ್ಟುಗಳು ಅಂಗಳದಲ್ಲಿ ಕ್ಯಾಂಪ್‌ಫೈರ್ ಹಾಕಿಸಿಕೊಂಡು ಸುತ್ತ ಕೂತಿದ್ದರು. ಹುಡುಗರು, ಹುಡುಗಿಯರು, ಒಟ್ಟು ಐದಾರು ಜನ. ಅವರಲ್ಲಿ ಒಬ್ಬಳು ಆಟ ಶುರು ಮಾಡಿದಳು: ಮನೆಗೆ ಬೆಂಕಿ ಬಿದ್ದಿದೆ, ಒಂದೇ ಒಂದನ್ನು ಉಳಿಸಿಕೊಳ್ಳಬಹುದು, ಏನು ತರುತ್ತೀರಿ? ಒಬ್ಬ ಗಿಟಾರ್ ಅಂದ. ಇನ್ನೊಬ್ಬಳು ನಾಯಿಯೆಂದು ಹೇಳಿ, ನಾಯಿಯನ್ನು ನೆನೆದು ಅತ್ತೂಬಿಟ್ಟಳು. ಮತ್ತೊಬ್ಬ ನೆನಪುಗಳು ಅಂದ; ಅವನ್ನು ಹೊತ್ತು ತರಲು ಎರಡು ಕೈ ಖಾಲಿಯೇ ಇರುತ್ತವೆ, ಜಾಣ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, ಅಂಕಲ್ ನೀವು ಅಂದರು. ನನ್ನ ತಲೆಯ ಮೇಲೆ ಹ್ಯಾಟಿತ್ತು, ಬಾಯಲ್ಲಿ ಹಲ್ಲಿತ್ತು, ಮುಖದ ಮೇಲೆ ಬೆಂಕಿಯ ಬೆಳಕು ಚೆನ್ನಾಗಿ ಬಿದ್ದಿತ್ತು. ಪ್ರಮೀಳಾ ಹುರಿದ ಕೋಳಿಯ ತಟ್ಟೆ ಹಿಡಿದು ಬರುತ್ತಿರುವುದು ಓರೆಗಣ್ಣಿಗೆ ಕಾಣಿಸಿತು. ನಾನು ಹ್ಯಾಟು ಸರಿಮಾಡಿಕೊಂಡು, "ನನ್ನ ಹೆಂಡತಿಯನ್ನು" ಅಂದೆ. ಅವರೆಲ್ಲ ಚಪ್ಪಾಳೆ ತಟ್ಟಿದರು. ನಾಯಿಯ ಹುಡುಗಿ ಮತ್ತೊಮ್ಮೆ ಅತ್ತಳು.

ಪ್ರಮೀಳಾ ತಟ್ಟೆ ಇಟ್ಟು ಒಳಗೆ ಹೋದಳು. ಮಲಗುವ ಮುಂಚೆ, ನಾನೇನು ಸಾಮಾನಾ ಹೊತ್ಕೊಂಡು ಬರೋಕೆ, ನನಗೆ ಕಾಲಿಲ್ವಾ ಎಂದು ಕೇಳಿದಳು. ಆದರೆ ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಾರನೆಯ ದಿನ ಕೇಳದೆಯೇ ಕಡುಬಾಯಿತು. ಶುಗರ್ ಎಂದು ಅಳೆದು ಹಾಕುತ್ತಿದ್ದ ಸಕ್ಕರೆ ನನ್ನ ಕಾಫಿಗೆ ಧಾರಾಳವಾಗಿ ಬಿತ್ತು. ಫೋನಿನಲ್ಲಿ ತನ್ನ ತಂಗಿಗೆ, ಅಂದರೆ ಬೀಗದ ಕೈ ತಂದವನ ಹೆಂಡತಿಗೆ, ನನ್ನ ಉತ್ತರವನ್ನು ಹೇಳುತ್ತಿದ್ದುದನ್ನೂ ಕೇಳಿಸಿಕೊಂಡೆ. ಮಾತಿಗೆ ಖರ್ಚಿಲ್ಲ, ಕಡುಬು ಬಿಟ್ಟಿ. ಇಂಥ ಆಟವನ್ನು ಗೆಸ್ಟುಗಳು ವಾರಕ್ಕೊಮ್ಮೆಯಾದರೂ ಆಡಬೇಕು ಎಂದುಕೊಂಡೆ.

ಇನ್ನು ಮಳೆ ಗ್ಲಾಸಿನ ವಿಷಯ. ಮಾರ್ಚಿನಲ್ಲಿ ನಮ್ಮ ಕಡೆ ಯಾರ ತಲೆಯಲ್ಲೂ ಹೂಮಳೆಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಕಾಫಿಗಿಡದ ಮೊಗ್ಗು ಒಂದು ಒಳ್ಳೆಯ ಮಳೆಗೆ ಕಾದು ಕೂತಿರುತ್ತದೆ. ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಹೂವು, ಹೂವಾದರೆ ಬೆಳೆ. ಬೀಳದಿದ್ದರೆ ವರ್ಷವಿಡೀ ಸರ್ಕಾರವನ್ನು ಬೈದುಕೊಂಡಿರುವುದು. ಇಲ್ಲಿ ಮಳೆಯನ್ನು ನಾವು ಇವತ್ತಿಗೂ ಇಂಚು, ಸೆಂಟಿನಲ್ಲೇ ಅಳೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು. ಪ್ರತಿ ಮನೆಯ ಅಂಗಳದಲ್ಲೂ ಒಂದು ರೈನ್ ಗೇಜು ಇರುತ್ತದೆ. ಅದರಲ್ಲಿ ನಿಂತ ನೀರನ್ನು ಬೆಳಿಗ್ಗೆ ಗೀಟು ಹಾಕಿದ ಗ್ಲಾಸಿಗೆ ಹೊಯ್ದು ನೋಡಿ, ಹಲ್ಲುಜ್ಜುವ ಮೊದಲೇ ಒಬ್ಬರಿಗೊಬ್ಬರು ಫೋನು ಮಾಡುವುದು ಸಂಪ್ರದಾಯ. ಕ್ಷೇಮಸಮಾಚಾರವೆಲ್ಲ ಆಮೇಲೆ. ಎದುರು ಗುಡ್ಡದ ಧರ್ಮಪ್ಪಗೌಡರು ಎಂಬ ನನ್ನ ಗೆಳೆಯರಿಗೆ ಯಾವಾಗಲೂ ನನಗಿಂತ ಹತ್ತು ಸೆಂಟು ಜಾಸ್ತಿಯೇ ಬೀಳುತ್ತದೆ. ಇಬ್ಬರ ನಡುವೆ ಇರುವುದು ಒಂದು ಹಳ್ಳ. ಹಳ್ಳ ದಾಟುವಾಗ ಮಳೆಗೆ ಅವರ ಮೇಲೆ ಅಷ್ಟು ಪ್ರೀತಿ ಹೇಗೆ ಉಕ್ಕುತ್ತದೋ ನನಗೆ ಗೊತ್ತಿಲ್ಲ. ನನ್ನ ಗ್ಲಾಸು ಅಪ್ಪನ ಕಾಲದ್ದು. ದಪ್ಪ ಗಾಜು, ಅಗಲ ಬಾಯಿ, ಕೆತ್ತಿದ ಗೀಟು. ಹಾಲಿನಲ್ಲಿ ದೇವರ ಪಟದ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ. ಪ್ರಮೀಳಾಗೆ ಅದನ್ನು ಒರೆಸಲೂ ಕೊಡುತ್ತಿರಲಿಲ್ಲ.

ಕಳೆದ ಮಾರ್ಚಿನಲ್ಲಿ ಮಳೆ ಬರಲಿಲ್ಲ. ಕೆರೆಯಲ್ಲಿ ತೋಟಕ್ಕೆಲ್ಲ ಒಂದು ಸಲ ಸ್ಪ್ರಿಂಕ್ಲರ್ ಹೊಡೆಯುವಷ್ಟು ನೀರಿತ್ತು. ಪಂಪು ಹಾಕಿಸಿ, ಮೊಗ್ಗು ಒಣಗುತ್ತಿದೆ ಎಂದು ಪ್ರಮೀಳಾ ದಿನಾ ಹೇಳುತ್ತಿದ್ದಳು. ನಾನು ಹಾಕಿಸಲಿಲ್ಲ. ಇವತ್ತು ಡೀಸೆಲ್ ಸುಟ್ಟು ನೀರು ಹೊಡೆದು, ನಾಳೆ ಆಕಾಶವೇ ಪುಕ್ಕಟೆ ಸುರಿಸಿಬಿಟ್ಟರೆ ಆಗುವ ಸಂಕಟವಿದೆಯಲ್ಲ, ಅದು ಬೆಳೆ ಹೋದರೂ ಆಗುವುದಿಲ್ಲ. ಹೀಗೆ ಲೆಕ್ಕ ಹಾಕುತ್ತ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದೆ. ಅವಳ ಸಮಾಧಾನಕ್ಕೆಂದು ಆಲ್ದೂರಿನ ಮೆಕ್ಯಾನಿಕ್ ಹಮೀದನನ್ನು ಕರೆಸಿ ಪಂಪನ್ನು ರಿಪೇರಿಗೆ ಹಚ್ಚಿದ್ದೆ. ರಿಪೇರಿ ಮಾಡು, ಓಡಿಸಬೇಡ ಎಂದು ಅವನಿಗೆ ಕಟ್ಟಪ್ಪಣೆ.

ಹಮೀದ ಕೆರೆಯ ಹತ್ತಿರವಿದ್ದ ಆ ಬೆಳಿಗ್ಗೆಯೇ ಬೆಂಕಿ ಬಿದ್ದದ್ದು. ಬಚ್ಚಲ ಹಂಡೆಯ ಒಲೆಗೆ ನಾನು ಒಂದು ಉದ್ದನೆಯ ಕಾಫಿ ಕೊರಡು ಇಟ್ಟಿದ್ದೆ. ಅದನ್ನು ಸೀಳುವ ಅಗತ್ಯವಿಲ್ಲ, ಉರಿದಂತೆಲ್ಲ ಒಳಗೆ ನೂಕುತ್ತ ಬಂದರಾಯಿತು ಎಂಬುದು ನನ್ನ ವಾದ. ಸೀಳಿ ಇಡಿ ಎಂಬುದು ಪ್ರಮೀಳಾಳ ವಾದ. ನೂಕುವ ಹೊತ್ತಿಗೆ ಪಶ್ಚಿಮದಲ್ಲಿ ಒಂದು ಚೂರು ಮೋಡ ಕಂಡಂತಾಗಿ ಅದನ್ನು ನೋಡಲು ಹೋದೆ. ಮೋಡ ಅಲ್ಲೇ ಕರಗಿತು. ಕೊರಡು ಮಾತ್ರ ನನಗೆ ಕಾಯದೆ ಹಿಂದಕ್ಕೆ ಉರಿಯುತ್ತ ಬಂದು, ಕೆಳಗುರುಳಿ, ಪಕ್ಕದ ಒಣ ಕಡ್ಡಿ ಪುರಲೆಗೆ ಹತ್ತಿಕೊಂಡಿತು. ಪುರಲೆಯಿಂದ ಬಚ್ಚಲ ಮಾಡಿಗೆ, ಅಲ್ಲಿಂದ ಅಡುಗೆಮನೆಯ ಅಟ್ಟಕ್ಕೆ. ಬೆಂಕಿ ಬೆಂಕಿ ಎಂದು ಪ್ರಮೀಳಾ ಕೂಗಿದಾಗ ನಾನು ಒಳಗೆ ಓಡಿದೆ. ಒಳಗೆ ಓಡಿದ್ದು ನನ್ನ ಪರವಾಗಿ ಹೇಳಬಹುದಾದ ಒಂದೇ ಮಾತು. ಹೊಗೆ ತುಂಬಿದ ಹಾಲಿನಲ್ಲಿ ನಿಂತು ನಾನು ಏನು ಯೋಚಿಸಿದೆನೆಂದು ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಏನನ್ನೂ ಯೋಚಿಸಲಿಲ್ಲ. ಕೈ ಗೂಡಿಗೆ ಹೋಯಿತು, ಕಾಲು ಬಾಗಿಲಿಗೆ ಬಂತು.

ಹೊರಗೆ ಹಮೀದ ಆಗಲೇ ಹೊಗೆ ನೋಡಿ ಪಂಪು ಸ್ಟಾರ್ಟ್ ಮಾಡಿ ಓಡಿಬಂದು, ಅಂಗಳದ ಅಂಚಿನಲ್ಲಿದ್ದ ಸ್ಪ್ರಿಂಕ್ಲರಿನ ಜೆಟ್ಟನ್ನು ಮನೆಯ ಕಡೆ ತಿರುಗಿಸಿದ್ದ. ಮನೆ ಉರಿಯುವುದನ್ನು ಬಿಟ್ಟು ನನ್ನ ಕಣ್ಣು ಜೆಟ್ಟಿನ ಮೇಲೆ ಹೋಯಿತು. ನೀರು ಆ ಕಡೆ ಈ ಕಡೆ ಪೋಲಾಗುತ್ತಿತ್ತು. "ಹಮೀದ, ಸ್ವಲ್ಪ ಕಮ್ಮಿ ಬಿಡೋ, ಕೆರೆ ಬರಿದಾಗುತ್ತೆ" ಅಂದೆ. ಅವನು ತಿರುಗಿ ನನ್ನನ್ನು ನೋಡಿ, ಇನ್ನಷ್ಟು ಜೋರು ಮಾಡಿದ. ಇದನ್ನು ಅವನು ಆಮೇಲೆ ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೇಳಿ, ಸುದ್ದಿ ಮಲ್ಲಂದೂರಿನವರೆಗೂ ಹೋಯಿತು.

ಇಷ್ಟರಲ್ಲಿ ಅಟ್ಟದ ಮೇಲಿದ್ದ ಕಾಳುಮೆಣಸಿನ ಚೀಲಕ್ಕೆ ಬೆಂಕಿ ಹತ್ತಿತು. ರೇಟು ಬರಲಿ ಎಂದು ಅದನ್ನು ವರ್ಷಗಟ್ಟಲೆ ಕಾದಿಟ್ಟಿದ್ದೆ. ರೇಟು ಬಂದಾಗ ಇನ್ನೂ ಬರಲಿ ಎಂದಿದ್ದೆ. ಅದರ ಹೊಗೆ ಎದ್ದದ್ದೇ ತಡ, ಎಲ್ಲರಿಗೂ ಸೀನು ಶುರುವಾಯಿತು. ಹಮೀದ ಸೀನಿದಾಗಲೆಲ್ಲ ಜೆಟ್ಟು ಮನೆಯನ್ನು ಬಿಟ್ಟು ಅಂಗಳಕ್ಕೋ ತೋಟಕ್ಕೋ ತಿರುಗುತ್ತಿತ್ತು. ಚಿಕ್ಕಮ್ಮನಿಗೆ ಒಂಟಿ ಸೀನು ಅಪಶಕುನ. ಕಣದ ಕಟ್ಟೆಯ ಮೇಲೆ ಕೂತು ಯಾರದು ಜೋಡಿಯಾಯಿತು, ಯಾರದು ಆಗಲಿಲ್ಲ ಎಂದು ಲೆಕ್ಕ ಇಡುತ್ತಿದ್ದರು. ನನಗೆ ಒಂದು ಬಾಕಿಯಿದೆ, ಇನ್ನೊಂದು ಸೀನಿಬಿಡು ಎಂದು ಎರಡು ಸಲ ಎಚ್ಚರಿಸಿದರು.

ಬೆಂಕಿ ಆರಿತು. ಅಡುಗೆಮನೆ, ಬಚ್ಚಲಿನ ಮಾಡು ಹೋಗಿತ್ತು, ಉಳಿದ ಮನೆ ಒದ್ದೆಮುದ್ದೆಯಾಗಿ ನಿಂತಿತ್ತು. ಎಲ್ಲರೂ ಕಾಫಿ ಒಣಗಿಸುವ ಕಣದಲ್ಲಿ ಸೇರಿದೆವು. ಅಲ್ಲಿಯವರೆಗೆ ಯಾರೂ ಯಾರ ಕೈಯನ್ನೂ ನೋಡಿರಲಿಲ್ಲ. ಚಿಕ್ಕಮ್ಮ ಎಲೆಯಡಿಕೆ ಡಬ್ಬಿಯನ್ನೂ ಟಿವಿಯ ರಿಮೋಟನ್ನೂ ತಂದಿದ್ದರು. ಟಿವಿ ನೀರು ಕುಡಿದು ಸತ್ತಿತ್ತು, ರಿಮೋಟು ಇವತ್ತಿಗೂ ಗಟ್ಟಿಮುಟ್ಟಾಗಿದೆ. ಪ್ರಮೀಳಾ ನನ್ನ ಕೈ ನೋಡಿದಳು. ನಾನೂ ಆಗಲೇ ನೋಡಿಕೊಂಡದ್ದು. ಮಳೆ ಗ್ಲಾಸನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದೆ. ನವೆಂಬರಿನಿಂದ ಒಂದು ಹನಿ ನೀರು ಕಾಣದ ಗ್ಲಾಸು.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ, ಒಳಗಿದ್ದುದನ್ನು ನನ್ನ ಮುಂದೆ ಹಿಡಿದಳು. ನನ್ನ ಹಲ್ಲಿನ ಸೆಟ್ಟು. ಅದು ಇದ್ದದ್ದು ಬಚ್ಚಲ ಕಿಟಕಿಯ ಮೇಲೆ, ಬೆಂಕಿ ಹುಟ್ಟಿದ ಜಾಗದಿಂದ ನಾಲ್ಕು ಮೊಳ ದೂರದಲ್ಲಿ. ಅವಳ ಸೆರಗಿನ ಅಂಚು ಸುಟ್ಟಿತ್ತು, ಬಲಗೈಯ ಮೇಲೆ ಕೆಂಪಗೆ ಬರೆ ಎದ್ದಿತ್ತು. ನಾನು ಬೆಂಕಿಗೆ ಬೆನ್ನು ಹಾಕಿ ಗ್ಲಾಸು ಹಿಡಿದು ಓಡುತ್ತಿದ್ದಾಗ ಇವಳು ಬೆಂಕಿಯ ಕಡೆಗೇ ಹೋಗಿ ನನ್ನ ಹಲ್ಲು ತಂದಿದ್ದಳು. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಚ್ಚಿ, ಜೀವಕ್ಕೆ ಏನಾದರೂ ಆಗಿದ್ದರೆ ಎಂದು ಗದರಿಸಲು ಹೋದವನು ಗ್ಲಾಸನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ಹೆಂಡ್ತಿನ ಉಳಿಸ್ತೀನಿ ಅಂದಿದ್ರಿ" ಅಂದಳು ಪ್ರಮೀಳಾ. "ಅವಳು ಈ ಗ್ಲಾಸಲ್ಲಿ ಹಿಡಿಸ್ತಾಳಾ ನೋಡಿ."

ಅಷ್ಟು ಹೇಳಿ ನಿಲ್ಲಿಸಿದಳು. ನಿಲ್ಲಿಸಿದಳು ಅಂದರೆ ನನ್ನೊಡನೆ ಮಾತನ್ನೇ ನಿಲ್ಲಿಸಿದಳು. ಕೈಗೆ ಮುಲಾಮು ಹಚ್ಚಲು ಹೋದರೆ ಕೈ ಹಿಂದಕ್ಕೆಳೆದುಕೊಂಡು ಚಿಕ್ಕಮ್ಮನ ಹತ್ತಿರ ಹಚ್ಚಿಸಿಕೊಂಡಳು. ಮನೆ ಒಣಗುವವರೆಗೆ ನಾವು ಗೆಸ್ಟುಗಳ ರೂಮಿನಲ್ಲಿ ಇರಬೇಕಾಯಿತು. ಮಲಗುವ ಹೊತ್ತಿಗೆ ನಾನು ಹಲ್ಲನ್ನು ನೆನೆಯಿಡಲು ಜಾಗವಿಲ್ಲದೆ ಕೈಯಲ್ಲಿ ಹಿಡಿದುಕೊಂಡು ಕೂತೆ. ಪಿಂಗಾಣಿ ಬಟ್ಟಲು ಬೂದಿಯಲ್ಲಿ ಚೂರಾಗಿತ್ತು. ಅಲ್ಲಿದ್ದ ಗಾಜಿನ ಲೋಟಕ್ಕೆ ಕೈ ಹಾಕಿದರೆ ಪ್ರಮೀಳಾ ಚಿಕ್ಕಮ್ಮನ ಕಡೆ ತಿರುಗಿ, ಗೆಸ್ಟುಗಳು ಕುಡಿಯೋ ಲೋಟಕ್ಕೆ ಹಲ್ಲು ಹಾಕಬಾರದು ಅಂತ ಹೇಳಿ ಅವರಿಗೆ, ಉರಿಯೋ ಮನೆಯಿಂದ ಒಂದು ಪಾತ್ರೆ ಉಳಿಸಿಕೊಂಡು ಬಂದಿದ್ದಾರಲ್ಲ, ಅದಕ್ಕೇ ಹಾಕಿಕೊಳ್ಳಲಿ ಅಂದಳು. ಚಿಕ್ಕಮ್ಮ ಅದನ್ನು ಒಂದಕ್ಷರ ಬಿಡದೆ, ಒಂದು ಮಾರು ದೂರದಲ್ಲಿದ್ದ ನನಗೆ ತಲುಪಿಸಿದರು. ಅಪ್ಪ ನಲವತ್ತು ವರ್ಷ ಮಳೆ ಅಳೆದ ಗ್ಲಾಸಿಗೆ ನೀರು ಹಾಕಿ ಹಲ್ಲು ಬಿಟ್ಟೆ. ಸರಿಯಾಗಿ ಹಿಡಿಯಿತು.

ಬೆಳಿಗ್ಗೆ ಧರ್ಮಪ್ಪಗೌಡರ ಫೋನು. ನಿನ್ನೆ ಆ ಕಡೆ ನೋಡಿದೆ ಮಾರಾಯ, ಮೋಡ ಕಪ್ಪಗೆ ಕಟ್ಟಿತ್ತಲ್ಲ, ಎಷ್ಟು ಬಿತ್ತು ಎಂದು ಕೇಳಿದರು. ಅವರು ಮೋಡವೆಂದದ್ದು ನಮ್ಮ ಅಡುಗೆಮನೆಯನ್ನು. ಇಂಥ ಹೊತ್ತಿನಲ್ಲಿ ನೆಟ್ಟಗಿರುವ ಮನುಷ್ಯ ಮನೆ ಸುಟ್ಟಿತು ಎಂದು ಹೇಳುತ್ತಾನೆ. ನಾನು ನೋಡಿ ಹೇಳ್ತೀನಿ ಇರಿ ಎಂದು, ಹಲ್ಲನ್ನು ಅಂಗೈಗೆ ಸುರಿದುಕೊಂಡು, ಗ್ಲಾಸು ಬರಿದು ಮಾಡಿ ಗೇಜಿನ ಹತ್ತಿರ ಹೋದೆ. ಅದರೊಳಗೆ ನೀರಿತ್ತು. ಹಮೀದನ ಸೀನುಗಳಲ್ಲಿ ಒಳ್ಳೆಯ ಪಾಲು ಅದಕ್ಕೇ ಬಿದ್ದಿತ್ತು. ಅಳೆದರೆ ಎಂಬತ್ತೈದು ಸೆಂಟು. ಎಂಬತ್ತೈದು! ಧರ್ಮಪ್ಪಗೌಡರಿಗೆ ಹಿಂದಿನ ದಿನ ಬಿದ್ದದ್ದು ಸೊನ್ನೆ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲ ಗೆಲುವು ಅದು. ಅಳೆದದ್ದು ನಿಜ, ಗೀಟು ನಿಜ, ಎಲ್ಲಿಂದ ಬಿತ್ತೆಂದು ಅವರು ಕೇಳಿರಲೂ ಇಲ್ಲ. ನಾನು ಆದಷ್ಟು ಸಾಮಾನ್ಯವಾದ ದನಿಯಲ್ಲಿ ಎಂಬತ್ತೈದು ಅಂದೆ. ಆ ಕಡೆಯಿಂದ ಫೋನು ಕಟ್ಟಾಯಿತು.

ಹೊಟ್ಟೆಕಿಚ್ಚು ಜೀಪಿಗಿಂತ ವೇಗ. ತಿಂಡಿಯ ಹೊತ್ತಿಗೆ ಅವರು ನಮ್ಮ ಅಂಗಳದಲ್ಲಿದ್ದರು. ಮಾಡಿಲ್ಲದ ಅಡುಗೆಮನೆಯನ್ನು ನೋಡಿ ಛೆ ಛೆ ಅಂದರು, ಯಾರಿಗೂ ಏನೂ ಆಗಲಿಲ್ಲ ತಾನೇ ಅಂದರು, ಆಮೇಲೆ ತೋಟದೊಳಗೆ ಹೋಗಿ ಬೂಟಿನ ತುದಿಯಿಂದ ಮಣ್ಣು ಕೆದಕಿದರು. ಒಣಮಣ್ಣು. ಇನ್ನೊಂದು ಕಡೆ ಕೆದಕಿದರು. ಹಾಗೆ ಕೆದಕುತ್ತ ಕೆದಕುತ್ತ ಮನೆಯ ಸುತ್ತ ಬಂದು ಒದ್ದೆಮಣ್ಣು ಸಿಕ್ಕ ಕಡೆ ನಿಂತು, ಜೆಟ್ಟನ್ನು ನೋಡಿ, ಗೇಜನ್ನು ನೋಡಿ, ಕೊನೆಗೆ ನನ್ನನ್ನು ನೋಡಿದರು. "ಏನ್ ಮಾರಾಯ, ನಿನ್ ಮಳೆ ಅಡುಗೆಮನೆಗೆ ಮಾತ್ರ ಬಂದು ಹೋಗಿದೆ" ಅಂದರು. ಪ್ರಮೀಳಾ ಅವರಿಗೆ ಕಾಫಿ ಕೊಟ್ಟು, ನನಗೆ ಕಳಿಸಿದ್ದು ಚಿಕ್ಕಮ್ಮನ ಕೈಯಲ್ಲಿ. ಅದರಲ್ಲಿ ಸಕ್ಕರೆ ಇರಲಿಲ್ಲ.

ನನಗೆ ಮನೆ ಸುಟ್ಟ ದುಃಖಕ್ಕಿಂತ ಈ ಮೌನವೇ ಹೆಚ್ಚಾಯಿತು. ಮೂವತ್ತು ವರ್ಷ ಅವಳ ಮಾತು ಜಾಸ್ತಿಯಾಯಿತೆಂದು ಗೊಣಗಿದವನು ನಾನೇ. ಈಗ ಅವಳು ನಾಯಿಯನ್ನು ಬೈದರೂ ನನಗಿರಬಹುದೇ ಎಂದು ಕಿವಿ ನಿಮಿರುತ್ತಿತ್ತು. ಹೊಸ ಸೀರೆ ತಂದೆ. ಚಿಕ್ಕಮ್ಮನಿಗೆ ಚೆನ್ನಾಗಿ ಕಾಣುತ್ತದೆಂದು ಅವರಿಗೆ ಉಡಿಸಿದಳು. ಹಳೆಯ ಕೊರಡುಗಳನ್ನೆಲ್ಲ ಸೀಳಿ ಒಟ್ಟಿದೆ. ನೋಡಿಯೂ ನೋಡದಂತೆ ಹೋದಳು. ಕ್ಷಮೆ ಕೇಳಬೇಕೆಂದು ಎರಡು ಸಲ ಹತ್ತಿರ ಹೋಗಿ, ಏನೆಂದು ಕೇಳುವುದೆಂದು ತಿಳಿಯದೆ ಮಳೆ ಬರುವ ಹಾಗಿದೆ ಎಂದು ಹೇಳಿ ವಾಪಸು ಬಂದೆ.

ಹೀಗೆ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆಯಂಥ ವಾಸನೆ. ಮನೆಯ ಸುತ್ತ, ಹಮೀದನ ನೀರು ಬಿದ್ದಷ್ಟು ದೂರ, ಕಾಫಿ ಹೂ ಬಿಟ್ಟಿತ್ತು. ಗಿಡದ ಕೊಂಬೆಯೇ ಕಾಣದ ಹಾಗೆ ಬೆಳ್ಳಗೆ. ಅವನು ಎಲ್ಲೆಲ್ಲಿ ಸೀನಿದ್ದನೋ ಅಲ್ಲಲ್ಲಿ ಒಂದೊಂದು ಬಿಳಿ ಪಟ್ಟೆ ತೋಟದೊಳಕ್ಕೆ ಹೋಗಿತ್ತು. ಅದರಾಚೆ ನಾನು ಜೋಪಾನ ಮಾಡಿದ ಹನ್ನೆರಡು ಎಕರೆ, ಒಣಗಿ ಮುದುಡಿಕೊಂಡ ಎಲೆ. ಪ್ರಮೀಳಾ ಮಸಿಗೋಡೆಯ ಮುಂದೆ ನಿಂತು ಬಿಳಿಯನ್ನೂ ಒಣಗಿದ್ದನ್ನೂ ನೋಡುತ್ತಿದ್ದಳು. ನಾನು ಅವಳ ಹಿಂದೆ ನಿಂತೆ. ಅವಳು ಚಿಕ್ಕಮ್ಮ ಎಲ್ಲಿದ್ದಾರೆಂದು ಹುಡುಕಲಿಲ್ಲ. ನೇರ ನನಗೇ ಹೇಳಿದಳು.

"ಇವತ್ತು ಪಂಪು ಹಾಕಿಸ್ತೀರೋ, ಇಲ್ಲ ಉಳಿದರ್ಧ ಮನೆಗೂ ನಾನೇ ಬೆಂಕಿ ಇಡ್ಲೋ?"

ಅಷ್ಟು ಮಧುರವಾದ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಹಮೀದನಿಗೆ ಆಗಲೇ ಫೋನು ಮಾಡಿದೆ. ಕೆರೆಯ ತಳದ ಕೆಸರು ಕಾಣುವವರೆಗೆ ನೀರು ಹೊಡೆಸಿದೆ. ಮೂರನೆಯ ದಿನ ಸಂಜೆ ಕೊನೆಯ ಮೂಲೆ ಮುಗಿಸಿ ಪಂಪು ನಿಲ್ಲಿಸಿದೆವು. ಹಮೀದ ಪೈಪು ಬಿಚ್ಚುತ್ತಿರುವಾಗಲೇ ಗುಡುಗಿ, ಗಾಳಿಯೆದ್ದು, ಆಕಾಶ ಬಾಯಿ ಬಿಟ್ಟು ಸುರಿಯಿತು. ಧರ್ಮಪ್ಪಗೌಡರು ಒಂದು ಲೀಟರ್ ಡೀಸೆಲ್ ಸುಡದೆ ಒಂದು ಇಂಚು ಹತ್ತು ಸೆಂಟು ಅಳೆದುಕೊಂಡರು. ನಮ್ಮಲ್ಲಿ ಸರಿಯಾಗಿ ಒಂದು ಇಂಚು.

ಗ್ಲಾಸು ಈಗ ಹಾಲಿನ ಕಿಟಕಿಯ ಮೇಲಿದೆ. ಹೊಸ ಪಿಂಗಾಣಿ ಬಟ್ಟಲು ತರುತ್ತೇನೆಂದರೆ ಪ್ರಮೀಳಾ ಒಪ್ಪುವುದಿಲ್ಲ. ಮಳೆಗಾಲವಿಡೀ ಬೆಳಿಗ್ಗೆ ಹಲ್ಲು ತೆಗೆದು ಮಳೆ ಅಳೆದೆ, ಮಳೆ ಚೆಲ್ಲಿ ಹಲ್ಲು ಹಾಕಿದೆ. ಅವಳು ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾಳೆ, ಬೈಯುತ್ತಾಳೆ. ಆದರೆ ಗ್ಲಾಸಿನ ಮಾತು ಬಂದರೆ ತುಟಿ ಬಿಗಿಯುತ್ತಿದ್ದಳು. ಅಲ್ಲಿಗೆ ಅವಳು ನನ್ನನ್ನು ಪೂರ್ತಿ ಮಾಫಿ ಮಾಡಿಲ್ಲವೆಂದು ನನಗೆ ಗೊತ್ತಿತ್ತು.

ಮೊನ್ನೆ ಒಂದು ಹೊಸ ಜೋಡಿ ಬಂದಿತ್ತು, ಮದುವೆಯಾಗಿ ತಿಂಗಳಾಗಿರಬಹುದು. ಬೆಳಿಗ್ಗೆ ಜಗಲಿಯಲ್ಲಿ ಕಾಫಿಗೆ ಕೂತವರು ಮಸಿ ಹಿಡಿದ ಗೋಡೆ ನೋಡಿ ಏನಾಯಿತೆಂದು ಕೇಳಿದರು. ನಾನಿನ್ನೂ ಹಲ್ಲು ಹಾಕಿಕೊಂಡಿರಲಿಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡು ಗಂಭೀರವಾಗಿ ಕೂತಿದ್ದೆ. ಪ್ರಮೀಳಾ ಕಥೆ ಹೇಳಿದಳು. ಆ ಹುಡುಗಿ ಕಣ್ಣರಳಿಸಿ, ನೀವು ಏನನ್ನು ಉಳಿಸಿಕೊಂಡು ಬಂದಿರಿ ಆಂಟಿ ಅಂದಳು. ಇವರ ಹಲ್ಲು ಅಂದಳು ಪ್ರಮೀಳಾ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿಸಿ ನನ್ನ ಕಡೆ ತಿರುಗಿದರು: ನೀವು ಅಂಕಲ್?

ಇಷ್ಟು ದಿನ ಹೆದರಿಕೊಂಡಿದ್ದದ್ದು ಇದಕ್ಕೇ. ಸುಳ್ಳು ಹೇಳಲು ಹಲ್ಲಿರಲಿಲ್ಲ. ಕೈಯೆತ್ತಿ ನನ್ನ ಬೆನ್ನ ಹಿಂದಿನ ಹಾಲಿನ ಕಿಟಕಿಯ ಮೇಲಿದ್ದ ಗ್ಲಾಸನ್ನು ತೋರಿಸಿದೆ. ಅವರು ಅದನ್ನು ನೋಡಿದರು. ಗ್ಲಾಸನ್ನಲ್ಲ, ಅದರೊಳಗಿದ್ದ ಹಲ್ಲನ್ನು ನೋಡಿದರು. "ಅಯ್ಯೋ, ಇಬ್ರೂ ಒಂದನ್ನೇ ಉಳಿಸೋಕೆ ಹೋಗಿದ್ರಾ?" ಎಂದು ಹುಡುಗಿ ಗಂಡನ ತೋಳು ಹಿಡಿದುಕೊಂಡಳು. ಪ್ರಮೀಳಾ ಕಾಫಿಯ ಪಾತ್ರೆ ಹಿಡಿದು ನಿಂತಿದ್ದಳು. ಒಂದು ಮಾತು ಆಡಿದರೆ ನನ್ನ ಮಾನ ಅಂಗಳಕ್ಕೆ ಬೀಳುತ್ತಿತ್ತು. ಅವಳು ಗ್ಲಾಸು ನೋಡಿದಳು, ನನ್ನನ್ನು ನೋಡಿದಳು. ಅವಳ ಕೈಯ ಮೇಲೆ ಆ ಬರೆಯ ಕಲೆ ಇನ್ನೂ ಇದೆ.

"ಹೂಂ, ಇಬ್ರೂ ಒಂದನ್ನೇ ತಂದ್ವಿ" ಅಂದಳು. ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಕೇಳದೆಯೇ ಒಂದು ಚಮಚ ಸಕ್ಕರೆ ಹಾಕಿ ಒಳಗೆ ಹೋದಳು.

ಆ ಗಳಿಗೆಯಲ್ಲಿ ಅವಳು ಕೇಳಿದ್ದರೆ ಹನ್ನೆರಡು ಎಕರೆಯನ್ನೂ ಅವಳ ಹೆಸರಿಗೆ ಬರೆದುಬಿಡುತ್ತಿದ್ದೆ. ಹುಡುಗ ಹುಡುಗಿ ನನ್ನನ್ನೇ ನೋಡುತ್ತ, ನಾನೊಮ್ಮೆ ನಗಲಿ ಎಂದು ಕಾಯುತ್ತಿದ್ದರು. ನನಗೂ ನಗಬೇಕೆನಿಸಿತು. ಏನು ಮಾಡುವುದು, ಹಲ್ಲು ಕಿಟಕಿಯ ಮೇಲೆ ಮೂವತ್ತು ಸೆಂಟು ನೀರಿನಲ್ಲಿದ್ದವು.